ಗಾಜಿನ ತೊಟ್ಟಿಯ ಬಿಳಿ ನೀರು

"ಹೊಂಗೋಡಿನ ಪ್ರಜೆಗಳೇ, ಕಿವಿಗೊಟ್ಟು ಕೇಳಿ! ತೀರಿಹೋದ ಮಹಾರಾಣಿಯವರ ಮೀನಿನ ತೊಟ್ಟಿಯ ನೀರು ಹಾಲಿನಂತೆ ಬೆಳ್ಳಗಾಗಿದೆ. ಅವರು ಹೇಳಿಹೋದ ಮೂರು ಒಗಟು ಬಿಡಿಸಿ ನೀರನ್ನು ತಿಳಿಯಾಗಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಮೇಲೆ ಅರ್ಧ ರಾಜ್ಯ. ತಪ್ಪು ಉತ್ತರದಿಂದ ಮೀನು ಸಾಯಿಸಿದವನ ತಲೆ ಉಳಿಯುವುದಿಲ್ಲ!"

ಡಂಗುರದವನು ಹೀಗೆ ಸಾರಿಕೊಂಡು ಹೋದ. ಒಂದು ತೊಟ್ಟಿ ನೀರಿಗೆ ಇಷ್ಟೆಲ್ಲ ರಂಪ ಯಾಕೆ ಎಂದು ಕೇಳುವ ಧೈರ್ಯ ಊರಲ್ಲಿ ಒಬ್ಬರಿಗೂ ಇರಲಿಲ್ಲ.

ರಾಣಿ ಕರಾವಳಿಯ ಹೆಣ್ಣು. ಘಟ್ಟದ ಮೇಲಿನ ಕೇತರಸನ ಕೈಹಿಡಿದು ಬಂದವಳು ಕಡಲಿಲ್ಲದೆ ಕೊರಗುತ್ತಾಳೆಂದು ಅರಸ ಅಂಗಳದಲ್ಲಿ ಗಾಜಿನ ತೊಟ್ಟಿ ಕಟ್ಟಿಸಿದ. ಅದಕ್ಕೆ ಮರಳು, ಕಲ್ಲು, ಬಣ್ಣಬಣ್ಣದ ಕಡಲಮೀನು ಬಂದವು. ಹೊನ್ನ ಎಂಬ ಗಾಡಿಯವನು ಕಡಲ ನೀರು ಹೊತ್ತು ತರುತ್ತಿದ್ದ. ರಾಣಿಯ ತವರಿನಲ್ಲಿ ಹೆಂಗಸರು ಮನೆಯ ಗುಟ್ಟುಗಳನ್ನು ಒಗಟಾಗಿಯೇ ಕಲಿಸುವ ರೂಢಿ. ಜ್ವರದಲ್ಲಿ ಮಲಗಿದ್ದಾಗ ಮಗಳು ಚಂದಲೆಗೆ ತೊಟ್ಟಿ ಕಾಪಾಡುವ ಗುಟ್ಟನ್ನು ಮೂರು ಒಗಟಾಗಿ ಹೇಳಿದಳು. ಉತ್ತರ ಹೇಳುವಷ್ಟು ಉಸಿರು ಉಳಿಯಲಿಲ್ಲ.

ಅವಳು ಹೋದ ಮೇಲೆ ನೀರು ಕೆಟ್ಟಿತು. ಅರಸನಿಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಕೆಟ್ಟ ನೀರು ತಂದವನು ಹೊನ್ನನೇ ಎಂದು ಅವನನ್ನು ಸೆರೆಗೆ ತಳ್ಳಿ, ಕೊನೆಯ ಮೀನು ಸತ್ತ ದಿನ ಅವನ ತಲೆಯೂ ಹೋಗುತ್ತದೆ ಎಂದ.

ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ. ಒಗಟನ್ನು ಪೂರ್ತಿ ಕೇಳುವ ತಾಳ್ಮೆಯೂ ಇಲ್ಲದೆ, "ಎಲ್ಲಕ್ಕೂ ಉತ್ತರ ಪಟಿಕ. ನಮ್ಮ ಹೊಳೆಯ ಕೆಂಪು ನೀರು ಅದರಿಂದಲೇ ತಿಳಿಯಾಗುತ್ತದೆ" ಎಂದು ಬುಟ್ಟಿಗಟ್ಟಲೆ ಪಟಿಕ ಸುರಿಸಿದ. ಹಲವು ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಎರಡನೆಯವನು ವರ್ತಕನ ಮಗ. "ಉತ್ತರ ಕೊಳೆ" ಎಂದು ನೀರೆಲ್ಲ ಚೆಲ್ಲಿಸಿ, ಮರಳು ಕಲ್ಲುಗಳನ್ನು ಬಿಸಿನೀರಲ್ಲಿ ತಿಕ್ಕಿಸಿ ತೊಳೆಸಿ, ಹೊಸ ನೀರು ತುಂಬಿಸಿದ. ತೊಟ್ಟಿ ಫಳಫಳ ಹೊಳೆಯಿತು. ಅರಸ ಅವನನ್ನು ಅಪ್ಪಿಕೊಂಡ. ಬೆಳಗಾಗುವುದರಲ್ಲಿ ನೀರು ಮೊದಲಿಗಿಂತ ಬೆಳ್ಳಗಾಗಿ, ಮತ್ತಷ್ಟು ಮೀನು ಸತ್ತಿದ್ದವು. ಇಬ್ಬರ ತಲೆಯೂ ಹೋಯಿತು. ತೊಟ್ಟಿಯಲ್ಲಿ ಒಂದೇ ಒಂದು ಹಳದಿ ಮೀನು ಉಳಿಯಿತು.

ಆಗ ಬಂದವನು ಹೊನ್ನನ ಮಗ ಜಟ್ಟು, ಉಪ್ಪಿನ ಆಗರದಲ್ಲಿ ಕೂಲಿ ಮಾಡುವ ಹುಡುಗ. "ಒಡೆಯಾ, ನಂಗೆ ರಾಜ್ಯ ಗೀಜ್ಯ ಎಂತದೂ ಬೇಡ. ನನ್ನ ಅಪ್ಪನ್ನ ಬಿಟ್ರೆ ಸಾಕು."

ಚಂದಲೆ ಅವನ ಮುಖವನ್ನೂ ನೋಡದೆ ಮೊದಲ ಒಗಟು ಹೇಳಿದಳು. "ಗಂಟನ್ನು ಮನೆಯಲ್ಲೇ ಬಿಟ್ಟು ಹೋಗುವವನು ಯಾರು? ಅವನ ಜಾಗಕ್ಕೆ ಅಣ್ಣನನ್ನು ಕರೆದರೆ ಮನೆ ಹಾಳು, ತಮ್ಮನನ್ನು ಕರೆದರೆ ಉಳಿವು."

"ನೀರು, ಅಮ್ಮಾ. ಬಿಸಿಲಿಗೆ ನೀರು ಹೋಗ್ತದೆ, ಉಪ್ಪು ಇಲ್ಲೇ ಉಳೀತದೆ. ನಮ್ಮ ಆಗರದಲ್ಲಿ ನಡೆಯೋದೂ ಅದೇ. ಆರಿದಷ್ಟಕ್ಕೆ ಬಾವಿಯ ಸಿಹಿನೀರು ಹಾಕ್ಬೇಕು, ಅವನೇ ತಮ್ಮ. ಅಣ್ಣ ಅಂದ್ರೆ ಕಡಲ ನೀರು. ಅರಮನೆಯೋರು ಪ್ರತಿಸಲ ಕಡಲ ನೀರನ್ನೇ ಹಾಕಿ ಅಂದ್ರು, ಅಪ್ಪ ಹಾಕಿದ. ಉಪ್ಪು ಏರ್ತಾ ಹೋಯ್ತು."

ರಾಜಕುಮಾರಿ ಈಗ ತಲೆಯೆತ್ತಿದಳು. "ತೊಳೆದಷ್ಟೂ ಕೊಳೆಯಾಗುವ ಮನೆ ಯಾವುದು?"

ಜಟ್ಟು ತಡೆದು ತಡೆದು ಹೇಳಿದ. "ತೊಟ್ಟಿಯ ಮರಳು ಇರ್ಬೇಕು. ಅದ್ರಲ್ಲಿ ಕಣ್ಣಿಗೆ ಕಾಣದ ಜೀವ ಎಂತದೋ ಇದ್ದು ಹೊಲಸು ತಿಂತದೆ. ಮೊನ್ನೆ ತೊಳೆದು ಅವನ್ನೂ ಕೊಂದ್ರು. ಅದಕ್ಕೇ ಒಂದೇ ರಾತ್ರಿಗೆ ನೀರು ಕೆಟ್ಟಿದ್ದು."

"ಪ್ರೀತಿಯಿಂದ ಕೊಟ್ಟಿದ್ದು, ಯಾರೂ ತಿನ್ನದ್ದು, ಕೊನೆಗೆ ಎಲ್ಲರನ್ನೂ ತಿಂದಿದ್ದು. ಏನದು?"

ಇದು ಅವನಿಗೆ ತಿಳಿಯಲಿಲ್ಲ. ಹಳದಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಅಪ್ಪನ ಕತೆ ಮುಗಿಯಿತು ಎಂದುಕೊಂಡು ಜಟ್ಟು ತೊಟ್ಟಿಗೆ ತೋಳಿಳಿಸಿ ಕಲ್ಲುಗಳ ಸಂದಿಯಲ್ಲಿ ತಡಕಾಡಿದ. ಕೈಗೆ ಲೋಳೆಲೋಳೆಯಾದ ಮುದ್ದೆಯೊಂದು ಸಿಕ್ಕಿತು. ಮೂಸಿ ನೋಡಿದ. ತುಪ್ಪ ಕಲಸಿದ ಅನ್ನ, ಹಳಸಿ ನಾರುತ್ತಿತ್ತು. ಯಾರು ಹಾಕಿದರೆಂದು ಕೇಳಿದರೆ ತನ್ನ ತಲೆಯೇ ಹೋಗಬಹುದು. ಅದನ್ನು ಹಾಗೇ ಅರಸನ ಮುಂದೆ ಇಟ್ಟ.

ಕೇತರಸನ ಮುಖ ಕಪ್ಪಿಟ್ಟಿತು. "ನಾನೇ. ಊಟಕ್ಕೆ ಮುಂಚೆ ಅವಳ ಎಡೆ ಅಂತ ಒಂದು ತುತ್ತು ಹಾಕುತ್ತಿದ್ದೆ. ಅವಳಿಗೆ ಇದೇ ಕಡಲಾಗಿತ್ತಲ್ಲ."

"ಅಪ್ಪಾ, ನಾನೂ ಹಾಕುತ್ತಿದ್ದೆ" ಎಂದಳು ಚಂದಲೆ.

ಮೂಲೆಯಲ್ಲಿದ್ದ ಮುದುಕಿ ದಾಸಿ ಸೆರಗು ಬಾಯಿಗೆ ಒತ್ತಿಕೊಂಡು, "ನಾನೂ ಹಾಕ್ತಿದ್ದೆ, ಬುದ್ಧೀ. ಯಾರೂ ಇಡೋರಿಲ್ಲ ಅಂದ್ಕೊಂಡಿದ್ದೆ" ಎಂದಳು. ಅಡುಗೆಯವರು, ಕಾವಲಿನವರು, ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಸತ್ತವಳಿಗೆ ಅರಮನೆಯಲ್ಲಿ ಎಲ್ಲರೂ ಕದ್ದು ಕದ್ದು ಉಣ್ಣಿಸಿದ್ದರು.

"ಇನ್ನೇನು ಮಾಡಬೇಕು?" ಎಂದು ಅರಸ ಕೇಳಿದ.

"ಅನ್ನ ತೆಗೆದು, ದಿನಾ ಸ್ವಲ್ಪ ನೀರು ಬದಲು ಮಾಡ್ಬೇಕು. ಮರಳು ಮುಟ್ಟೋದು ಬೇಡ. ಮತ್ತೆ ಯಾರೂ ಎಂತದೂ ಹಾಕದೆ ಸುಮ್ನೆ ಕಾಯ್ಬೇಕು, ಒಡೆಯಾ."

ಕಾದರು. ಕೈ ಕಟ್ಟಿ ಕೂರುವುದು ಅವರಿಗೆ ಯುದ್ಧಕ್ಕಿಂತ ಕಷ್ಟವಾಯಿತು. ಬಿಳುಪು ನಿಧಾನವಾಗಿ ಇಳಿದು, ಒಂದು ಬೆಳಗ್ಗೆ ತಳದ ಮರಳು ಕಂಡಿತು. ಹಳದಿ ಮೀನು ಬದುಕಿತ್ತು. ಹೊನ್ನನನ್ನು ಬಿಟ್ಟರು. ಅವನಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಅರಸ ಕೊಟ್ಟ ಮಾತಿನಂತೆ ಮದುವೆಯ ಪ್ರಸ್ತಾಪ ಎತ್ತಿದಾಗ ಜಟ್ಟು ಕೈಮುಗಿದು ಒಲ್ಲೆನೆಂದ. ಕೊನೆಗೆ ಅವನು ದುಡಿಯುತ್ತಿದ್ದ ಉಪ್ಪಿನ ಆಗರವನ್ನೇ ಅವನ ಹೆಸರಿಗೆ ಬಿಟ್ಟುಕೊಟ್ಟರು. ಜಟ್ಟು ಅಪ್ಪನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಘಟ್ಟ ಇಳಿದ. ತಲೆ ಕಳೆದುಕೊಂಡ ಇಬ್ಬರ ತಾಯಂದಿರಿಗೆ ಕೊಡಲು ಮಾತ್ರ ಅರಸನ ಬಳಿ ಏನೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಚಂದಲೆ ತುಪ್ಪ ಕಲಸಿ ಮೊದಲ ತುತ್ತು ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

"ಅಪ್ಪಾ, ಇದನ್ನು ಯಾರಿಗೆ ಕೊಡಲಿ?"

"ಯಾರೂ ಇಲ್ಲ ಮಗಳೇ. ನೀನೇ ತಿನ್ನು."

ಚಂದಲೆ ತುತ್ತನ್ನು ಬಾಯಿಗಿಟ್ಟುಕೊಂಡಳು. ಅಮ್ಮ ಸತ್ತ ದಿನವೂ ಅಳದವಳು ಅದನ್ನು ನುಂಗಲಾರದೆ ಗೋಳೋ ಎಂದು ಅತ್ತಳು.