ಸಂಕದ ಮೇಲೆ ಡಬಲ್ ಬೇಸ್

ಇನಾಸ್ ಮಾಸ್ತರು ನಲವತ್ತು ವರ್ಷ ಜಾಝ್ ಮೇಳದಲ್ಲಿ ಡಬಲ್ ಬೇಸ್ ನುಡಿಸಿದವರು. ಪಿಟೀಲಿನ ದೊಡ್ಡಪ್ಪನ ಹಾಗೆ ಆಳೆತ್ತರ ನಿಲ್ಲುವ ವಾದ್ಯ ಅದು. ಈಗ ತಂತಿಯ ಮೇಲೆ ಅವರ ಬೆರಳುಗಳು ಮೊದಲಿನಂತೆ ಮಡಚುತ್ತಿರಲಿಲ್ಲ. ತಮ್ಮ ಜಾಗಕ್ಕೆ ಶಿಷ್ಯೆ ಲವೀನಾಳನ್ನು ನಿಲ್ಲಿಸಿದ್ದರು.

ನದಿದಂಡೆಯ ಅವರ ಮನೆಯಂಗಳದಲ್ಲೇ ಬೆಳಗ್ಗೆ ಅಭ್ಯಾಸ ನಡೆಯಿತು, ಕೆಟ್ಟೂ ಹೋಯಿತು. ಹಾಡುಗಾರ ಬೊನಿಫಾಸ್ ಹುರುಪಿನಲ್ಲಿ ಎರಡು ಸಾಲು ಹಾರಿಸಿ ಮುಂದೆ ಹೋದ. ಲವೀನಾ ತಾಳದ ಲೆಕ್ಕ ಬಿಡದೆ ಅಲ್ಲೇ ಉಳಿದಳು. ಮೇಳ ಚೆಲ್ಲಾಪಿಲ್ಲಿಯಾಯಿತು.

“ಸಂಜೆ ಕಾರ್ಯಕ್ರಮದಲ್ಲಿ ಇವಳನ್ನು ಇನ್ನೊಂದು ಸಲ ನೋಡ್ತೇನೆ. ಅಷ್ಟೇ,” ಎಂದು ಮೇಳದ ಯಜಮಾನ ಎದ್ದು ಹೋದ.

ಲವೀನಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. “ನಾನೆಂತ ತಪ್ಪು ಮಾಡಿದೆ ಮಾಷ್ಟ್ರೇ? ತಪ್ಪಿದ್ದು ಬೊನಿಫಾಸ್ ಅಂಕಲ್!”

“ಹೌದು,” ಎಂದರು ಮಾಸ್ತರು. “ಹಿಡಿ, ಹೊತ್ತಾಯ್ತು.”

ಸಭಾಂಗಣ ಇದ್ದದ್ದು ನದಿಗೆ ಸೇರುವ ತೋಡಿನ ಆಚೆ. ದಾಟಲು ಎರಡು ಹಲಗೆಯ ಕಿರು ಸಂಕ. ಯಾವತ್ತಿನಂತೆ ವಾದ್ಯದ ಮುಂದಿನ ತುದಿಗೆ ಲವೀನಾ, ಹಿಂದಿನ ತುದಿಗೆ ಮಾಸ್ತರು. ಅರ್ಧ ದಾರಿಯಲ್ಲಿ ಅವಳು ಮುಗ್ಗರಿಸಿದಳು. ಹಿಂದೆ ಮಾಸ್ತರೂ ಅವಳ ಜೊತೆಗೇ ವಾಲಿದರು; ಬೇಸ್ ಕೊಂಚ ತೂಗಿ ನಿಂತಿತು.

“ಮೂರು ವರ್ಷದಲ್ಲಿ ಈ ಸಂಕದ ಮೇಲೆ ಎಷ್ಟು ಸಲ ಎಡವಿದ್ದೀ?”

“ಯಾರಿಗೆ ಗೊತ್ತು! ತುಂಬಾ ಸಲ.”

“ಬೇಸ್ ಎಷ್ಟು ಸಲ ಬಿತ್ತು?”

“ಒಮ್ಮೆಯೂ ಇಲ್ಲ.”

“ಯಾಕೆ?”

ಲವೀನಾ ತಿರುಗಿ ನೋಡಿದಳು. ಮಾಸ್ತರ ಕಣ್ಣು ಅವಳ ಕಾಲಿನ ಮೇಲೆಯೇ ಇತ್ತು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಜನರ ಕೇಕೆಗೆ ಬೊನಿಫಾಸ್ ಉಬ್ಬಿಹೋದ. ಈ ಸಲ ಮಹಾರಾಯ ಮೂರು ಸಾಲು ಹಾರಿಸಿದ!

ಆದರೆ ಲವೀನಾಳ ಕಣ್ಣು ಅವನನ್ನು ಬಿಟ್ಟಿರಲಿಲ್ಲ. ಅವನು ಉಸಿರೆಳೆದದ್ದೇ ತಡ, ಲೆಕ್ಕ ಬಿಟ್ಟು ಅವಳೂ ಹಾರಿದಳು. ಅವನು ಇಳಿದಲ್ಲೇ ಇಳಿದಳು. ಡ್ರಮ್ಮು ಅವಳ ಬೆನ್ನಿಗೆ ಬಂತು, ಸ್ಯಾಕ್ಸೊಫೋನ್ ಅದರ ಬೆನ್ನಿಗೆ. ಜನ ಎದ್ದು ನಿಂತು ತಾಳ ಹಾಕಿದರು. ಎಡವಟ್ಟಾದದ್ದು ಒಬ್ಬರಿಗೂ ತಿಳಿಯಲಿಲ್ಲ. ಮೈಯೆಲ್ಲ ಜುಮ್ಮೆಂದು ಲವೀನಾ ನುಡಿಸುತ್ತಲೇ ನಕ್ಕುಬಿಟ್ಟಳು.

“ನಾಡಿದ್ದು ಬೇಗ ಬಾ. ಹೊಸ ಹಾಡು ಉಂಟು,” ಎಂದ ಯಜಮಾನ.

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಕದ ಹತ್ತಿರ ಬಂದವಳೇ ಬೇಸಿನ ಮುಂದಿನ ತುದಿ ಎತ್ತಿದಳು. “ನೋಡಿದಿರಾ ಮಾಷ್ಟ್ರೇ? ಅವರು ಹಾರಿದರು, ನಾನೂ ಹಾರಿದೆ! ಇನ್ನು ನನಗೆ ಕಲಿಯಲಿಕ್ಕೆ ಎಂತ ಉಂಟು?”

ಮಾಸ್ತರು ನಿಧಾನವಾಗಿ ಸುತ್ತಿಕೊಂಡು ಬಂದು ಅವಳ ಕೈಯಿಂದ ಆ ತುದಿಯನ್ನು ತೆಗೆದುಕೊಂಡರು.

“ನನಗೆ ಈಗೀಗ ಕಾಲು ತಪ್ಪುತ್ತದೆ ಮಗಳೇ. ಹಿಂದೆ ನೀನು ಹಿಡಿ.”