ಸರ್ವಸಾಧಕ ಯಂತ್ರದ ಮುಂದೆ ನಿಂತ ಸಾಲು

ಮಣಿಕೂಟದ ದೊರೆ ಉದಯಾರ್ಕನಿಗೆ ರಾಜ್ಯವಾಳುವುದಕ್ಕಿಂತ ಪ್ರಿಯವಾದ ಕೆಲಸ ಒಂದೇ ಇತ್ತು: ಆಡುವುದು. ಅದೂ ಪಗಡೆಯಲ್ಲ, ಚದುರಂಗವಲ್ಲ. ಮುಂಬರುವ ಯುಗದ ಆಟ. ಹಗಲಿನ ಓಲಗ ಮುಗಿದೊಡನೆ ಆಸ್ಥಾನದ ಕಥನಕಾರ ಬೊಪ್ಪಣ್ಣ ಕಥಾಪೀಠವನ್ನೇರಿ, ಸಾವಿರಾರು ವರ್ಷಗಳಾಚೆಯ ತಾರಾಲೋಕವನ್ನು ಮಾತಿನಲ್ಲೇ ಕಟ್ಟುವನು. ದೊರೆ ಗಗನನೌಕೆಯ ನಾಯಕ. ದಳವಾಯಿ ಮಲ್ಲರಸ ಅವನ ಯಂತ್ರಜ್ಞ. ಏನು ಮಾಡುತ್ತೇವೆಂದು ಅವರು ಹೇಳಬೇಕು, ಏನಾಯಿತೆಂದು ಬೊಪ್ಪಣ್ಣ ಹೇಳಬೇಕು, ಸಂದೇಹ ಬಂದಲ್ಲಿ ದಾಳ ಹೇಳಬೇಕು.

ಆ ದಾಳವನ್ನು ಕಂಡರೆ ದೊರೆಗೆ ಆಗದು.

"ಬೊಪ್ಪಣ್ಣ, ಏಳು ಕೋಟೆ ಗೆದ್ದವರು ನಾವು. ನಮ್ಮನ್ನು ಒಂದು ದಂತದ ಚೂರು ಸೋಲಿಸುವುದೇ? ನಮ್ಮ ನೌಕೆಗೆ ಒಂದು ಯಂತ್ರ ಬೇಕು. ನಾವು ಅಂದದ್ದೆಲ್ಲ ಆಗಬೇಕು. ದಾಳ ಕೂಡದು."

"ಎಲ್ಲವೂ ಆಗಬೇಕೇ, ಪ್ರಭು?"

"ಎಲ್ಲವೂ!" ಎಂದ ಮಲ್ಲರಸ, ದೊರೆ ಬಾಯಿ ತೆರೆಯುವ ಮುನ್ನವೇ. "ಪ್ರಭುಗಳಿಂದ ಆಗದ್ದೆಂಬುದು ಇರಬಹುದೇ?"

"ಅದನ್ನು ನೀನು ಕಸಿಯಕೂಡದು, ಮುರಿಯಕೂಡದು, ವೈರಿಗೆ ಅಂಥದೇ ಇನ್ನೊಂದನ್ನು ಕೊಡಲೂ ಕೂಡದು" ಎಂದು ದೊರೆ ಕಥನಕಾರನಿಗೆ ತಾಕೀತು ಮಾಡಿದ.

"ಅಪ್ಪಣೆ" ಎಂದು ಬೊಪ್ಪಣ್ಣ ಓಲೆಯಲ್ಲಿ ಬರೆದುಕೊಂಡ.

ಮೊದಲ ದಿನ ಹತ್ತು ಸಾವಿರ ವೈರಿನೌಕೆಗಳು ಆಕಾಶವನ್ನೇ ಮುಚ್ಚಿದವು. ದೊರೆ, "ಬೂದಿಯಾಗಲಿ" ಎಂದ.

"ಆದವು, ಪ್ರಭು."

"ಮುಂದೆ?"

"ಮುಂದೇನಿದೆ? ಎಲ್ಲ ಬೂದಿ."

ಮಡಿಸುತ್ತಿದ್ದ ತಾಂಬೂಲ ಬಾಯಿ ಸೇರುವ ಮೊದಲೇ ಆಟ ಮುಗಿದಿತ್ತು. ಎರಡನೆಯ ದಿನವೂ ಹಾಗೆಯೇ. ನಾಲ್ಕನೆಯ ದಿನ ದೊರೆ ಬೂದಿ ಮಾಡುತ್ತಲೇ ಆಕಳಿಸಿದ.

"ಏನೋ ಇದು, ಇಷ್ಟು ಸಪ್ಪೆ! ನಿನಗೆ ಮುಪ್ಪಡರಿದೆ, ಬೊಪ್ಪಣ್ಣ. ನಾಳೆ ರುಚಿ ಬರದಿದ್ದರೆ ಕಥಾಪೀಠ ಮಲ್ಲರಸನಿಗೆ. ಯಂತ್ರ ಮಾತ್ರ ಇದ್ದಂತೆಯೇ ಇರಬೇಕು."

ಮಲ್ಲರಸ ತಡಮಾಡದೆ ಪೀಠದ ಅಗಲವನ್ನು ಗೇಣಿನಿಂದ ಅಳೆದು, "ನನಗೆ ತುಸು ಇಕ್ಕಟ್ಟು" ಎಂದು ಗೊಣಗಿದ. ಮೂವತ್ತು ವರ್ಷ ಕುಳಿತು ತಾನೇ ತಗ್ಗು ಬೀಳಿಸಿದ ಆ ಮೆತ್ತೆಯನ್ನು ಬೊಪ್ಪಣ್ಣ ಒಮ್ಮೆ ತಡವಿದ. ಬೇರೆ ವಿದ್ಯೆ ಅವನಿಗೆ ಬಾರದು. ಈ ವಯಸ್ಸಿನಲ್ಲಿ ಕಲಿಯುವ ಉತ್ಸಾಹವೂ ಇರಲಿಲ್ಲ.

ಮರುದಿನ ಅವನು ಓಲಗದ ಮೂಲೆಯಲ್ಲಿ ಕುಳಿತು ದೊರೆಯನ್ನೇ ನೋಡಿದ. ಕೊಡಲು ಶಕ್ತನಾದವನು ಬಿನ್ನಹಗಳೆಲ್ಲ ಮುಗಿಯುವ ಮುನ್ನ ಏಳಕೂಡದೆಂದು ದೊರೆಯ ತಾತ ಬಾಗಿಲ ಮೇಲೆ ಕಟ್ಟಳೆ ಕೆತ್ತಿಸಿದ್ದ. ಮೊಮ್ಮಗ ಅದನ್ನು ಮೀರುತ್ತಿರಲಿಲ್ಲ. ಮೂರು ಬಿನ್ನಹ ಕೇಳುವನು, ಹಣೆಗೆ ಕೈಯೊಯ್ದು ನಿಟ್ಟುಸಿರಿಡುವನು, "ಅದು ನಮ್ಮ ಕೈಯಲ್ಲಿಲ್ಲ" ಎನ್ನುವನು, ಏಳುವನು. ಶಕ್ತನಲ್ಲದವನಿಗೆ ಕಟ್ಟಳೆ ಎಲ್ಲಿಯದು?

ಬೊಪ್ಪಣ್ಣನಿಗೆ ಇನ್ನೊಂದೂ ನೆನಪಿತ್ತು. ತಾರಾಲೋಕದಲ್ಲೂ ತನಗೆ ಬಹುಪರಾಕು ಸಲ್ಲಬೇಕೆಂಬ ಆಸೆಯಿಂದ, ಮಣಿಕೂಟದ ಕಟ್ಟಳೆಗಳೆಲ್ಲ ಆಟದಲ್ಲೂ ನಡೆಯತಕ್ಕದ್ದೆಂದು ವಿಧಿಸಿದವನು ದೊರೆಯೇ.

ಅಂದು ಆಟ ಹೀಗೆ ತೊಡಗಿತು:

"ಪ್ರಭು, ವೈರಿಗಳು ಯಾರೂ ಉಳಿದಿಲ್ಲ. ನಿಮ್ಮ ಯಂತ್ರದ ಕೀರ್ತಿ ಮಾತ್ರ ಎಲ್ಲ ಗ್ರಹಗಳಿಗೂ ಹಬ್ಬಿದೆ. ನೌಕೆಯ ಬಾಗಿಲಲ್ಲಿ ಮುಕ್ಕಣ್ಣಿನ ಮುದುಕಿಯೊಬ್ಬಳು ನಿಂತಿದ್ದಾಳೆ. ಹಪ್ಪಳ ಒಣಗಲು ಹಗಲು ಸಾಲದಂತೆ. ಸೂರ್ಯನನ್ನು ತುಸು ನಿಲ್ಲಿಸಬೇಕಂತೆ."

"ನಿಲ್ಲಲಿ!" ದೊರೆ ನಕ್ಕ.

"ನಿಂತ. ಅವಳ ನೆರೆಯವನು ಓಡಿಬಂದಿದ್ದಾನೆ. ಅವನದು ಅಣಬೆಯ ಕೃಷಿ. ಎಲ್ಲ ಸುಟ್ಟುಹೋಯಿತಂತೆ."

"ಹಾಗಾದರೆ ಸೂರ್ಯ ಹೊರಡಲಿ."

"ಮುದುಕಿ ಮತ್ತೆ ಬಂದಳು, ಪ್ರಭು. ಅವಳ ಹಿಂದೆ ಅಣ್ಣತಮ್ಮಂದಿರಿಬ್ಬರು. ತಂದೆ ಬಿಟ್ಟುಹೋದದ್ದು ಒಂದೇ ಚಂದ್ರ, ಪಾಲಾಗಬೇಕು. ಹುಣ್ಣಿಮೆಯ ಭಾಗ ಇಬ್ಬರಿಗೂ ಬೇಕು."

ದೊರೆಯ ಕೈ ತಾನಾಗಿ ಹಣೆಗೆ ಹೋಯಿತು. "ಅದು ನಮ್ಮ ಕೈಯಲ್ಲಿ—"

"ಇದೆ, ಪ್ರಭು" ಎಂದ ಬೊಪ್ಪಣ್ಣ, ಬಹು ವಿನಯದಿಂದ. "ಎಲ್ಲವೂ ನಿಮ್ಮ ಕೈಯಲ್ಲೇ ಇದೆ."

ಮಲ್ಲರಸ ನಡುವೆ ಬಾಯಿ ಹಾಕಿದ: "ನಾಯಕರಿಗೆ ಪುರಸೊತ್ತಿಲ್ಲವೆಂದು ಹೇಳಿ!"

"ಹೇಳಿದೆ. ಆಗ ಸಾಲಿನಿಂದ ಒಬ್ಬ ಮಹಾಕವಿ ಮುಂದೆ ಬಂದ. ಆ ಯಂತ್ರ ಕಾಲವನ್ನೂ ಹಿಗ್ಗಿಸಬಲ್ಲುದಲ್ಲ, ಪುರಸೊತ್ತಿಗೇನು ಕೊರತೆ ಎನ್ನುತ್ತಾನೆ. ಹನ್ನೆರಡು ಸಾವಿರ ಪದ್ಯಗಳನ್ನು ನಾಯಕರೆದುರು ಓದಬೇಕಂತೆ. ಸ್ವಂತದ್ದು. ವ್ಯಾಖ್ಯಾನಸಹಿತ."

ದೊರೆ ಬೆವರಿದ. "ಸಾಲಿನಲ್ಲಿ ಎಷ್ಟು ಮಂದಿ?"

"ನಲವತ್ತು ಸಾವಿರ. ಇದು ಸಮೀಪದ ಗ್ರಹಗಳ ಲೆಕ್ಕ."

"ಹಗಲೆಲ್ಲ ಓಲಗದಲ್ಲಿ ಇದೇ ಗೋಳು! ಅದನ್ನು ಮರೆಯಲೆಂದಲ್ಲವೇ ನಾವು ಇಲ್ಲಿ ಕೂರುವುದು? ಯಂತ್ರವೇ, ನೀನು ನಾಶವಾಗು!"

"ಆದೀತು. ಆದರೆ ಬೇಡವೆಂದು ಬಿನ್ನವಿಸಲು ಆ ನಲವತ್ತು ಸಾವಿರ ಮಂದಿಯೂ ಕೈಯೆತ್ತಿದ್ದಾರೆ. ತಾತನವರ ಕಟ್ಟಳೆ, ಅವರನ್ನೆಲ್ಲ ಕೇಳಿ ಮುಗಿಸಬೇಕು. ಮೊದಲು ಕವಿ. ಪೀಠಿಕಾಪ್ರಕರಣ, ಪದ್ಯ ಒಂದು..."

"ನಿಲ್ಲಿಸೋ ಮಾರಾಯ! ದಾರಿ ಹೇಳು."

"ಯಂತ್ರ ಇದ್ದಂತೆಯೇ ಇರಲಿ, ಪ್ರಭು. ಪ್ರತಿ ಅಪ್ಪಣೆಗೂ ಒಮ್ಮೆ ದಾಳ ಉರುಳಲಿ. ದೊಡ್ಡ ಗರ ಬಿದ್ದರೆ ಆಯಿತು. ಬೀಳದಿದ್ದರೆ..."

ದೊರೆಯ ಮುಖ ಅರಳಿತು. "ಬೀಳದಿದ್ದರೆ ಅದು ನಮ್ಮ ಕೈಯಲ್ಲಿಲ್ಲ! ತಾ ಇಲ್ಲಿ ದಾಳ!"

ಕವಿಗಾಗಿ ಉರುಳಿಸಿದ ದಾಳದಲ್ಲಿ ಬಿದ್ದದ್ದು ಒಂದೇ ಒಂದು. ಏಳು ಕೋಟೆ ಗೆದ್ದಾಗಲೂ ದೊರೆ ಅಷ್ಟು ಹಿಗ್ಗಿರಲಿಲ್ಲ. "ಸೋತೆವು! ಮಹಾಕವೇ, ಯಂತ್ರ ಮುಷ್ಕರ ಹೂಡಿದೆ, ಇನ್ನು ದಯಮಾಡಿಸಿ!"

ಅಷ್ಟರಲ್ಲಿ ನೌಕೆಯ ಹಿಂಬದಿಯನ್ನು ಕಡಲುಗಳ್ಳರಂಥ ಗಗನಗಳ್ಳರು ಮುತ್ತಿದರು. ದೊರೆ ಯಂತ್ರವನ್ನು ಹೂಡಲೋ ಬೇಡವೋ ಎಂದು ಉಗುರು ಕಚ್ಚಿದ. ತಾಂಬೂಲದ ತಟ್ಟೆ ಮೂರು ಸಲ ಬರಿದಾಯಿತು.

ಆಟ ಮುಗಿದಾಗ ದೊರೆ ತನ್ನ ಶಾಲನ್ನೇ ತೆಗೆದು ಬೊಪ್ಪಣ್ಣನಿಗೆ ಹೊದಿಸಿದ. "ಪೀಠ ನಿನ್ನದೇ. ಮಲ್ಲರಸ ಅದರಲ್ಲಿ ಹಿಡಿಸುವುದೂ ಇಲ್ಲ. ಆದರೊಂದು ಮಾತು. ಆ ಯಂತ್ರ ಆಟವನ್ನು ಕೆಡಿಸುತ್ತದೆಂದು ನಿನಗೆ ಮೊದಲೇ ಗೊತ್ತಿತ್ತು. ಕೊಡಲಾರೆನೆಂದು ಅಂದೇ ಹೇಳಬಾರದಿತ್ತೇ?"

ಬೊಪ್ಪಣ್ಣ ದೊರೆಯ ಹಾಗೆಯೇ ಹಣೆಗೆ ಕೈಯೊಯ್ದು, ದೊರೆಯ ಹಾಗೆಯೇ ನಿಟ್ಟುಸಿರಿಟ್ಟ.

"ಅದು ನಮ್ಮ ಕೈಯಲ್ಲಿರಲಿಲ್ಲ, ಪ್ರಭು."