ಬಂದರಿನ ಹೊರಗೆ ನೀರು ಕೊಟ್ಟ ಶೇಖ

ನಮ್ಮ ಹಾಯಿಗೆ ಗಾಳಿ ತುಂಬಿದರೆ ಹೋಗಿ ಮುಟ್ಟುವ ಕಡಲಾಚೆಯ ಮರಳು ದೇಶ. ಅಲ್ಲಿ ಒಂದಾನೊಂದು ಬಂದರಿತ್ತಂತೆ. ಸಬೀಹ ಅನ್ನುವ ಅರಬ ಶೇಖ ಅದಕ್ಕೆ ದೊರೆ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬಂದ ಹಡಗಿನವರೇ ಅವನಿಗೆ ನೆಂಟರು. ನಮ್ಮ ಬಸ್ರೂರಿನಿಂದ ಅಕ್ಕಿ ಹೊತ್ತು ಬರುವ ಮಂಜಿ ಹಡಗು ಕಂಡರಂತೂ ತಾನೇ ದಡಕ್ಕೆ ಓಡುತ್ತಿದ್ದ. ಮಂಜಿ ನಡೆಸುವ ತಂಡೇಲ ಜಟ್ಟ ಖಾರ್ವಿ ಅವನ ಹಳೇ ಗೆಳೆಯ.

"ಏನು ಒಡೆಯ, ಗಡ್ಡ ಇನ್ನೂ ಬೆಳ್ಳಗಾಯ್ತಲ್ಲ?"

"ನಿನ್ನ ಅಕ್ಕಿ ತಿಂದು ಕಣೋ. ಅರ್ಧ ಸುಣ್ಣ."

ಆ ದೇಶದಲ್ಲಿ ಒಂದು ಪದ್ಧತಿ. ಮನೆಗೆ ಬಂದವನು ಕಾಫಿ ಕುಡಿಯದೆ ಬಟ್ಟಲು ಕೆಳಗಿಟ್ಟರೆ, ಏನೋ ಕೇಳಲು ಬಂದಿದ್ದಾನೆ ಅಂತ. ಮನೆಯವನು 'ಕೊಟ್ಟೆ, ಕುಡಿ' ಅನ್ನಬೇಕು. ಅಂದ ಮೇಲೆ ಕೊಡಲೇಬೇಕು.

ಒಂದು ದಿನ ತೋಪಿನ ಹಡಗಿನಲ್ಲಿ ಬಿಳಿ ಕಪ್ತಾನ ಬಂದನಂತೆ. ಶೇಖ ಕಾಫಿ ಕೊಟ್ಟ. ಕಪ್ತಾನನಿಗೆ ಕಹಿಯಾಯಿತು, ಬಟ್ಟಲು ಕೆಳಗಿಟ್ಟ. ಶೇಖ ಎದೆ ಮುಟ್ಟಿಕೊಂಡು, "ಕೊಟ್ಟೆ, ಕುಡಿ" ಅಂದ. ದುಭಾಷಿ ಬಗ್ಗಿ ಕಪ್ತಾನನ ಕಿವಿಯಲ್ಲಿ ಪದ್ಧತಿ ತಿಳಿಸಿದ. ಕಪ್ತಾನ ನಕ್ಕ.

"ಹಾಗಾದರೆ ನಮ್ಮ ಅಪ್ಪಣೆಯಿಲ್ಲದೆ ಬೇರೆ ಯಾವ ಹಡಗೂ ಇಲ್ಲಿಗೆ ಬರಕೂಡದು. ನಿನ್ನನ್ನು ಕಾಯುವುದು ನಮಗಿರಲಿ."

ಮಾತು ಕೊಟ್ಟಾಗಿತ್ತು. ಕಪ್ತಾನ ಬಟ್ಟಲು ಬರಿದು ಮಾಡಿದ. ಆಮೇಲೆ ಬಂದರೂ ಬರಿದಾಯಿತು.

ಕಪ್ತಾನ ಕುರ್ಚಿ ಕಳಿಸಿದ, ಗಡಿಯಾರ ಕಳಿಸಿದ, ಬಂದಾಗೆಲ್ಲ ತೋಪು ಹಾರಿಸಿ ಮರ್ಯಾದೆ ಮಾಡಿದ. ಆ ಸದ್ದಿಗೆ ದಡದಲ್ಲಿದ್ದ ಕಡಲ ಹಕ್ಕಿಗಳೂ ಎದ್ದುಹೋದವು. ಶೇಖ ದಿನಾ ಕಾಫಿ ಕಾಯಿಸುತ್ತಿದ್ದ, ಆರುವ ತನಕ ಕಡಲು ನೋಡುತ್ತಿದ್ದ, ಮರಳಿಗೆ ಸುರಿಯುತ್ತಿದ್ದ. ಗಡಿಯಾರವೊಂದೇ ಮಾತಾಡುತ್ತಿತ್ತು.

ಒಂದು ಬೇಸಿಗೆಯಲ್ಲಿ ಜಟ್ಟನ ಮಂಜಿ ಕಂಡಿತು. ಕಪ್ತಾನನ ಹಡಗು ಅಡ್ಡ ನಿಂತಿತು. ಜಟ್ಟ ಅಲ್ಲಿಂದಲೇ ಕೂಗಿದ, "ಒಡೆಯಾ, ಗಾಳಿಗೆ ಸಿಕ್ಕಿ ನೀರಿನ ಪೀಪಾಯಿ ಒಡೆದುಹೋಗಿವೆ. ಅಕ್ಕಿ ಇಳಿಸೋದು ಬೇಡ. ನೀರು ಕೊಟ್ಟರೆ ಸಾಕು, ಹುಡುಗರ ನಾಲಗೆ ಏಳುತ್ತಿಲ್ಲ."

ಕಪ್ತಾನ ದಡದಲ್ಲಿ ಶೇಖನ ಪಕ್ಕದಲ್ಲೇ ಇದ್ದ. "ಇವತ್ತು ನೀರು, ನಾಳೆ ಅಕ್ಕಿ. ದೊರೆ ಮಾತಿಗೆ ತಪ್ಪುತ್ತಾನೋ?"

"ದೊರೆ ತಪ್ಪುವುದಿಲ್ಲ," ಅಂದ ಶೇಖ. ದೊರೆತನದ ಗುರುತಾದ ತಲೆಯ ಪಟ್ಟಿ ಬಿಚ್ಚಿ, ಹಿಂದೆ ನಿಂತಿದ್ದ ಅಣ್ಣನ ಮಗನ ಕೈಯಲ್ಲಿಟ್ಟ. "ಬಂದರು ನಿನ್ನದು. ಕೊಟ್ಟ ಮಾತೂ ನಿನ್ನದು. ನಾನು ಬರೀ ಸಬೀಹ."

ತೊಗಲು ಚೀಲಗಳಿಗೆ ನೀರು ತುಂಬಿ, ಪುಟ್ಟ ದೋಣಿಗೆ ಹಾಕಿ, ಒಬ್ಬನೇ ಹುಟ್ಟು ಹಾಕಿದ. ಬರಿದಲೆಯ ಮುದುಕನ ಮೇಲೆ ತೋಪು ಹಾರಿಸಲು ಕಪ್ತಾನನಿಗೆ ನಾಚಿಕೆಯಾಯಿತಂತೆ.

ಜಟ್ಟ ನೀರು ಕುಡಿದು ಮುಖ ಒರೆಸಿಕೊಂಡ. "ನಮ್ಮ ಜೊತೆ ಬಸ್ರೂರಿಗೆ ಬಂದುಬಿಡಿ ಒಡೆಯ."

"ಒಡೆಯ ಅಲ್ಲಿ ದಡದಲ್ಲಿದ್ದಾನೆ. ನನ್ನ ಹೆಸರು ಹಿಡಿದು ಕರಿ."

"ನಾಲಗೆ ಹೊರಳಲ್ಲ."

"ಹಾಗಾದರೆ ಕಲಿತುಕೊಂಡು ಬಾ. ನಾನು ಬಂದರೆ, ಇನ್ನೊಂದು ಮಂಜಿಗೆ ನೀರು ಯಾರು ಕೊಡುತ್ತಾರೆ?"

ಬಂದರಿನ ಬಾಯಿಯಾಚೆ ಒಂದು ಬೋಳು ಬಂಡೆ. ಸಬೀಹ ಅಲ್ಲೇ ಗುಡಿಸಲು ಹಾಕಿದ. ಊರ ಬಾವಿಯಿಂದ ನೀರು ತಂದಿಡುವುದು, ಹಡಗಿನವರಿಗೆ ಕೊಡುವುದು. ಅವರು ತುಂಬಿಕೊಳ್ಳುತ್ತಿದ್ದರು, ಕೈಮುಗಿಯುತ್ತಿದ್ದರು, ಗಾಳಿ ತಿರುಗೀತೆಂದು ಹೊರಟುಬಿಡುತ್ತಿದ್ದರು. ಕೂತು ಮಾತಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಆದರೆ ಬಾಯಾರಿ ಬಂದ ಯಾವ ಹಡಗೂ ಹಾಗೇ ತಿರುಗಿ ಹೋಗಲಿಲ್ಲವಂತೆ.

ಅವನು ಬಂಡೆಯ ಮೇಲೆ ಉಳಿದ. ಕಥೆ ಮಂಜಿ ಹತ್ತಿ ನಮ್ಮ ದಡಕ್ಕೆ ಬಂತು.